ಗೇಟು ತೆರೆದರೂ ಪಟ್ಟಿ ತೆರೆಯಲಿಲ್ಲ: ನಾಥು ಲಾ ದಾರಿಯ ಒಂದು ವ್ಯಾಪಾರಿ ಕುಟುಂಬದ ಪ್ರಕರಣ

ಇದು ಸಿಕ್ಕಿಂನ ಒಂದು ವ್ಯಾಪಾರಿ ಕುಟುಂಬದ ಮೂರು ತಲೆಮಾರಿನ ಪ್ರಕರಣ. ಅವರ ಏಳುಬೀಳೆಲ್ಲ ನಾಥು ಲಾ ಎಂಬ ಒಂದೇ ಕಣಿವೆ ದಾರಿಗೆ ಅಂಟಿಕೊಂಡಿದೆ. ಗುರುತು ಸಿಗಬಾರದು ಅಂತ ಹೆಸರು, ಮನೆತನ, ಅಂಗಡಿಯ ಬೀದಿ ಯಾವುದನ್ನೂ ಬರೆದಿಲ್ಲ. ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಅಜ್ಜ, ಮಗಳು, ಮೊಮ್ಮಗ ಅಂತಲೇ ಕರೆಯುತ್ತೇನೆ.

ಗಡಿಯ ಬಗ್ಗೆ ಓದಲು ಹೊರಟರೆ ಸೈನಿಕರು, ನಕ್ಷೆಗಳು, ಒಪ್ಪಂದಗಳು ಬೇಕಾದಷ್ಟು ಸಿಗುತ್ತವೆ. ಆ ದಾರಿಯನ್ನೇ ನಂಬಿ ಬದುಕಿದವರು ಯಾವ ಹೊತ್ತಿನಲ್ಲಿ ಯಾವ ತೀರ್ಮಾನಕ್ಕೆ ಬಂದರು, ಏಕೆ ಬಂದರು ಅನ್ನೋದು ಮಾತ್ರ ಅಪರೂಪಕ್ಕೆ ಸಿಗುತ್ತದೆ. ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಅದೇ.

ಹಿನ್ನೆಲೆ

ನಾಥು ಲಾ ಸಮುದ್ರಮಟ್ಟದಿಂದ ಸುಮಾರು 4,310 ಮೀಟರ್ ಎತ್ತರದಲ್ಲಿದೆ. ಈ ಕಡೆ ಸಿಕ್ಕಿಂ, ಆ ಕಡೆ ಟಿಬೆಟ್‌ನ ಚುಂಬಿ ಕಣಿವೆ. ಗ್ಯಾಂಗ್ಟಾಕ್‌ನಿಂದ ಐವತ್ತೈದು ಕಿಲೋಮೀಟರ್ ಆಸುಪಾಸು. ಸ್ವಲ್ಪ ದಕ್ಷಿಣಕ್ಕೆ ಜೆಲೆಪ್ ಲಾ ಇದೆ. ಹಿಂದೆ ಕಾಲಿಂಪಾಂಗ್ ಕಡೆಯ ವ್ಯಾಪಾರ ಹೆಚ್ಚಾಗಿ ಜೆಲೆಪ್ ಲಾ ಮೂಲಕ, ಗ್ಯಾಂಗ್ಟಾಕ್ ಕಡೆಯದು ನಾಥು ಲಾ ಮೂಲಕ ನಡೆಯುತ್ತಿತ್ತು. ಎರಡೂ ದಾರಿ ಇಳಿಯುವುದು ಅದೇ ಚುಂಬಿ ಕಣಿವೆಗೆ.

ಗಡಿಯ ಗೆರೆಯೂ ವ್ಯಾಪಾರದ ನಿಯಮಗಳೂ ಇಲ್ಲಿ ಹೆಚ್ಚೂಕಡಿಮೆ ಒಟ್ಟಿಗೇ ಹುಟ್ಟಿದವು. 1890ರಲ್ಲಿ ಬ್ರಿಟಿಷರೂ ಚೀನಾದವರೂ ಕಲ್ಕತ್ತಾದಲ್ಲಿ ಒಪ್ಪಂದ ಮಾಡಿಕೊಂಡರು. ನೀರು ಎರಡು ಕಡೆಗೆ ಕವಲೊಡೆಯುವ ಬೆಟ್ಟದ ಏಣನ್ನೇ ಗಡಿ ಅಂದರು. 1893ರ ನಿಯಮಗಳಂತೆ ಚುಂಬಿ ಕಣಿವೆಯ ಯಾತುಂಗ್‌ನಲ್ಲಿ ಮಾರುಕಟ್ಟೆ ತೆರೆಯಬೇಕಾಯಿತು. ಟಿಬೆಟ್‌ನವರನ್ನು ಯಾರೂ ಕೇಳಿರಲಿಲ್ಲ, ಹಾಗಾಗಿ ಅವರು ಒಪ್ಪಲಿಲ್ಲ. ಮುಂದೆ 1903–04ರಲ್ಲಿ ಬ್ರಿಟಿಷ್ ಅಧಿಕಾರಿ ಯಂಗ್‌ಹಸ್ಬೆಂಡ್ ಸೇನೆ ಸಮೇತ ಜೆಲೆಪ್ ಲಾ ದಾಟಿ ಲ್ಹಾಸಾಕ್ಕೆ ಹೋದದ್ದರ ಹಿಂದೆ ಈ ವ್ಯಾಪಾರದ ಜಗಳವೂ ಇತ್ತು. ಆ ದಾರಿಯಲ್ಲಿ ನಡೆಯುವವರನ್ನು ಬಿಟ್ಟು ದಾರಿಯ ನಿಯಮ ಬರೆಯುವ ಅಭ್ಯಾಸ ಅಷ್ಟು ಹಳೆಯದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ಪ್ರಕರಣದ ಅಜ್ಜನ ಹತ್ತಿರ ಒಂದಷ್ಟು ಹೇಸರಗತ್ತೆಗಳಿದ್ದವು. ಕೆಳಗಿಳಿಯುವಾಗ ಟಿಬೆಟ್‌ನ ಉಣ್ಣೆ. ಮೇಲೆ ಹೋಗುವಾಗ ಬಟ್ಟೆ, ಅಕ್ಕಿ, ಸೀಮೆಎಣ್ಣೆ, ತಾಮ್ರದ ಪಾತ್ರೆ. ಆಗ ಉಣ್ಣೆಯೇ ದೊಡ್ಡ ಸರಕು. ಕಾಲಿಂಪಾಂಗ್‌ನ ಗೋದಾಮುಗಳಲ್ಲಿ ವಿಂಗಡಣೆಯಾಗಿ, ಕಲ್ಕತ್ತಾ ಮೂಲಕ ಅಮೆರಿಕದ ಕಾರ್ಪೆಟ್ ಕಾರ್ಖಾನೆಗಳವರೆಗೂ ಹೋಗುತ್ತಿತ್ತು. 1950ರ ದಶಕದಲ್ಲಿ ಚೀನಾ ಟಿಬೆಟ್‌ಗೆ ಬಂದ ಮೇಲೆ ಈ ದಾರಿಯ ವ್ಯಾಪಾರ ಮೊದಲು ಜಾಸ್ತಿಯೇ ಆಯಿತು. ಚೀನಾ ಕಡೆಯಿಂದ ಲ್ಹಾಸಾಕ್ಕೆ ಒಳ್ಳೆಯ ರಸ್ತೆ ಇನ್ನೂ ಇರಲಿಲ್ಲ. ಅಲ್ಲಿದ್ದ ಸೈನ್ಯಕ್ಕೆ, ಅಧಿಕಾರಿಗಳಿಗೆ ಬೇಕಾದದ್ದು ಭಾರತದಿಂದಲೇ ಹೋಗಬೇಕಿತ್ತು. ಚೀನಾದ ಬೆಳ್ಳಿ ನಾಣ್ಯಗಳು ಮೂಟೆಗಟ್ಟಲೆ ಕಾಲಿಂಪಾಂಗ್‌ಗೆ ಬಂದವು.

ಅಜ್ಜನ ವ್ಯಾಪಾರ ನಿಂತಿದ್ದು ಸಾಲದ ಮೇಲೆ. ಚುಂಬಿ ಕಣಿವೆಯ ಒಂದು ಮನೆಯವರು ಅವರಿಗೆ ಗೋದಾಮು ಕೊಟ್ಟಿದ್ದರು. ವಸಂತದಲ್ಲಿ ಅಜ್ಜ ಬಟ್ಟೆ ಬಿಟ್ಟು ಬರುತ್ತಿದ್ದರು. ಕುರಿಯ ಉಣ್ಣೆ ಕತ್ತರಿಸಿದ ಮೇಲೆ ಆ ಮನೆಯವರು ಉಣ್ಣೆ ಕೊಡುತ್ತಿದ್ದರು. ಬರಹದಲ್ಲಿದ್ದದ್ದು ಒಂದು ಲೆಕ್ಕದ ಪುಸ್ತಕ ಮಾತ್ರ.

ಮೊದಲ ತಿರುವು: 1962ರ ವಸಂತ

ನಾಥು ಲಾ ಮುಚ್ಚಿದ್ದು 1962ರ ಯುದ್ಧದಿಂದ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಕಾಗದದ ಮೇಲೆ ಬಾಗಿಲು ಅದಕ್ಕೂ ಮೊದಲೇ ಮುಚ್ಚಿತ್ತು. 1954ರ ಏಪ್ರಿಲ್ 29ರಂದು ಭಾರತ ಮತ್ತು ಚೀನಾ ಟಿಬೆಟ್ ವ್ಯಾಪಾರದ ಒಪ್ಪಂದಕ್ಕೆ ಸಹಿ ಹಾಕಿದ್ದವು. ಎರಡು ದೇಶಗಳು ಶಾಂತಿಯಿಂದ ಬಾಳುವ ಐದು ತತ್ವಗಳು, ಅಂದರೆ ಪಂಚಶೀಲ, ಬಂದದ್ದು ಅದರ ಪೀಠಿಕೆಯಲ್ಲೇ. ಯಾತುಂಗ್, ಗ್ಯಾಂಟ್ಸೆ, ಫಾರಿ ಆ ಕಡೆಯ ಮಾರುಕಟ್ಟೆಗಳು. ಕಾಲಿಂಪಾಂಗ್, ಸಿಲಿಗುರಿ, ಕಲ್ಕತ್ತಾ ಈ ಕಡೆಯವು. ಒಪ್ಪಂದದ ಅವಧಿ ಎಂಟು ವರ್ಷ. 1962ರ ಜೂನ್‌ನಲ್ಲಿ ಅದು ಮುಗಿಯಿತು, ಯಾರೂ ನವೀಕರಿಸಲಿಲ್ಲ. ಯುದ್ಧ ಶುರುವಾದದ್ದು ಅಕ್ಟೋಬರ್‌ನಲ್ಲಿ.

ಅಂದರೆ ಎಚ್ಚರಿಕೆಯ ಗಂಟೆ ಮೊದಲೇ ಬಾರಿಸಿತ್ತು. 1959ರಲ್ಲಿ ಲ್ಹಾಸಾದ ದಂಗೆ, ದಲೈ ಲಾಮಾ ಭಾರತಕ್ಕೆ ಬಂದದ್ದು, ಆಮೇಲೆ ಆ ಕಡೆ ವ್ಯಾಪಾರಿಗಳ ಮೇಲೆ ಬಿಗಿಯಾದ ಕಟ್ಟುಪಾಡುಗಳು. ಅಜ್ಜನ ಪರಿಚಯದ ಒಬ್ಬ ಮಾರವಾಡಿ ವ್ಯಾಪಾರಿ 1961ರಲ್ಲೇ ಯಾತುಂಗ್‌ನ ತಮ್ಮ ಸರಕು ಖಾಲಿ ಮಾಡಿದರು. ಅಜ್ಜನಿಗೂ "ಬಾಕಿ ಎತ್ತಿಕೊಂಡು ಬಂದುಬಿಡಿ" ಅಂದರು.

ಅಜ್ಜ ಎತ್ತಲಿಲ್ಲ. ಅವರ ಯೋಚನೆಯೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಒಪ್ಪಂದ ಮುಗಿದರೆ ಇನ್ನೊಂದು ಬರುತ್ತದೆ ಅಂದುಕೊಂಡಿದ್ದರು. 1956ರಲ್ಲಿ ದಲೈ ಲಾಮಾ ಬುದ್ಧ ಜಯಂತಿಗೆ ಇದೇ ದಾರಿಯಲ್ಲಿ ಬಂದದ್ದನ್ನು ಅವರು ಕಂಡಿದ್ದರು. 1958ರಲ್ಲಿ ನೆಹರೂ ಇದೇ ಕಣಿವೆ ದಾಟಿ ಭೂತಾನ್‌ಗೆ ಹೋಗಿದ್ದರು. ಅಷ್ಟು ದೊಡ್ಡವರು ಓಡಾಡುವ ದಾರಿ ಮುಚ್ಚುತ್ತದೆ ಅಂತ ಯಾರು ನಂಬುತ್ತಾರೆ? ಜೊತೆಗೆ ಬಾಕಿ ಒಮ್ಮೆಗೇ ಕೇಳಿದರೆ ಎರಡು ತಲೆಮಾರಿನ ಸಂಬಂಧ ಹಾಳಾಗುತ್ತದೆ. ಒಂದೆರಡು ವರ್ಷ ಕಾಯೋಣ ಅಂತ ಅವರು ತೀರ್ಮಾನಿಸಿದರು.

ಕಾದದ್ದು ನಲವತ್ನಾಲ್ಕು ವರ್ಷ. ಅಜ್ಜ ಅಷ್ಟು ಬದುಕಲಿಲ್ಲ. ಬಾಕಿ ಅಲ್ಲೇ ಉಳಿಯಿತು. ಹೇಸರಗತ್ತೆಗಳನ್ನು ಮಾರಿ ಒಂದು ಸಣ್ಣ ದಿನಸಿ ಅಂಗಡಿ ಇಟ್ಟರು. ಲೆಕ್ಕದ ಪುಸ್ತಕವನ್ನು ಮಗಳು ಜೋಪಾನ ಮಾಡಿದರು.

ದಾರಿ ಏಕೆ ಅಷ್ಟು ಕಾಲ ಮುಚ್ಚಿತ್ತು

1965ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆಯುವಾಗ, ಸಿಕ್ಕಿಂ ಗಡಿಯ ಠಾಣೆಗಳನ್ನು ತೆಗೆಯಬೇಕು ಅಂತ ಚೀನಾ ಗಡುವು ಕೊಟ್ಟಿತು. ಭಾರತದ ಮೇಲಿನ ಸೇನಾ ಕಚೇರಿ ತನ್ನವರಿಗೆ ಕಣಿವೆಗಳಿಂದ ಹಿಂದೆ ಸರಿದು ಮುಖ್ಯ ರಕ್ಷಣಾ ನೆಲೆಗೆ ಬರಲು ಹೇಳಿತು. ಜೆಲೆಪ್ ಲಾ ಖಾಲಿಯಾಯಿತು, ಚೀನಾದವರು ಬಂದು ಕೂತರು. ನಾಥು ಲಾದ ಹೊಣೆ ಇದ್ದ ಮೇಜರ್ ಜನರಲ್ ಸಗತ್ ಸಿಂಗ್ ಮಾತ್ರ ಬಿಡಲು ಒಪ್ಪಲಿಲ್ಲ. ನೀರು ಕವಲೊಡೆಯುವ ಏಣೇ ಗಡಿ, ಅದನ್ನು ಬಿಟ್ಟರೆ ಕೆಳಗಿನ ಕಣಿವೆಯೆಲ್ಲ ಅವರ ಕಣ್ಣಿಗೆ ಬೀಳುತ್ತದೆ ಅನ್ನೋದು ಅವರ ವಾದ. ಆ ಒಂದು ತೀರ್ಮಾನ ಆಗದಿದ್ದರೆ ನಮ್ಮ ಮೊಮ್ಮಗನಿಗೆ 2006ರಲ್ಲಿ ದಾರಿ ತೆರೆಯುವುದು ಅನ್ನೋದೇ ಇರುತ್ತಿರಲಿಲ್ಲವೇನೋ.

1967ರ ಸೆಪ್ಟೆಂಬರ್ 11ರಂದು ಏಣಿನ ಉದ್ದಕ್ಕೂ ತಂತಿಬೇಲಿ ಹಾಕುವ ಕೆಲಸ ನಡೆದಿತ್ತು. ಮಾತಿಗೆ ಮಾತು ಬೆಳೆಯಿತು, ತಳ್ಳಾಟವಾಯಿತು, ಆಮೇಲೆ ಗುಂಡು ಹಾರಿತು. ಬಯಲಲ್ಲಿ ನಿಂತು ಬೇಲಿ ಕಟ್ಟುತ್ತಿದ್ದವರೇ ಮೊದಲು ಬಿದ್ದರು. ಫಿರಂಗಿ ದಾಳಿ 14ರವರೆಗೆ ನಡೆಯಿತು. ಅಕ್ಟೋಬರ್ 1ರಂದು ಹತ್ತಿರದ ಚೋ ಲಾದಲ್ಲಿ ಮತ್ತೆ ಕಾದಾಟ. ಎರಡೂ ಸೇರಿ ಭಾರತದ 88 ಸೈನಿಕರು ಪ್ರಾಣ ಬಿಟ್ಟರು. ಇಲ್ಲಿ ಸತ್ತವರ ಬಗ್ಗೆ ನಾವು ಮಾತಾಡುವುದು ತುಂಬಾ ಕಡಿಮೆ ಅನ್ನೋದು ನನ್ನನ್ನು ಕಾಡುತ್ತದೆ.

ಆದರೂ ದಾರಿ ಪೂರ್ತಿ ಸತ್ತಿರಲಿಲ್ಲ. ವಾರಕ್ಕೆ ಎರಡು ದಿನ, ಗುರುವಾರ ಮತ್ತು ಭಾನುವಾರ, ಎರಡೂ ಕಡೆಯ ಅಂಚೆಯವರು ಬಂದು ಟಪಾಲು ಚೀಲ ಬದಲಾಯಿಸಿಕೊಂಡು ಹೋಗುತ್ತಿದ್ದರು. ಸರಕು ದಾಟದ ಕಡೆ ಕಾಗದ ದಾಟುತ್ತಿತ್ತು.

ನಿಜವಾದ ಬೀಗ ಮಾತ್ರ ಬೇರೆ ಕಡೆ ಇತ್ತು. 1975ರ ಮೇ 16ರಂದು ಸಿಕ್ಕಿಂ ಭಾರತದ ರಾಜ್ಯವಾಯಿತು. ಚೀನಾ ಅದನ್ನು ಒಪ್ಪಲಿಲ್ಲ. ನಾಥು ಲಾದಲ್ಲಿ ವ್ಯಾಪಾರಕ್ಕೆ ಸಹಿ ಹಾಕಿದರೆ ಈ ಕಡೆ ಇರುವುದು ಭಾರತ ಅಂತ ಒಪ್ಪಿದ ಹಾಗೆ ಅಲ್ವಾ? ಅದಕ್ಕೇ ಉತ್ತರಾಖಂಡದ ಲಿಪುಲೇಖ್‌ನಲ್ಲಿ 1992ಕ್ಕೇ ವ್ಯಾಪಾರ ಮತ್ತೆ ಶುರುವಾದರೂ ಇಲ್ಲಿ ಆಗಲಿಲ್ಲ. 2003ರ ಜೂನ್‌ನಲ್ಲಿ ವಾಜಪೇಯಿ ಬೀಜಿಂಗ್‌ಗೆ ಹೋದಾಗ ಗಂಟು ಬಿಚ್ಚಿತು. ಸಿಕ್ಕಿಂನ ಚಾಂಗು ಮತ್ತು ಟಿಬೆಟ್‌ನ ರಿಂಚೆನ್‌ಗಾಂಗ್‌ನಲ್ಲಿ ಮಾರುಕಟ್ಟೆ ಅಂತ ಬರೆದುಕೊಂಡರು. ಮುಂದೆ ಭಾರತದ ಕಡೆಯ ಮಾರುಕಟ್ಟೆ ಶೆರಾಥಾಂಗ್‌ಗೆ ಬಂತು.

ಸಮಸ್ಯೆ

2006ರ ಜುಲೈ 6ರಂದು ಗೇಟು ತೆರೆಯಿತು. ಬ್ಯಾಂಡು, ಬಾವುಟ, ಕ್ಯಾಮೆರಾ ಎಲ್ಲ ಇತ್ತು. ನೂರಾರು ಕೋಟಿ ವ್ಯಾಪಾರದ ಮಾತು ಕೇಳಿಬಂತು. ಆಗ ಮೊಮ್ಮಗ ಪ್ರವಾಸಿಗರನ್ನು ಚಾಂಗು ಸರೋವರಕ್ಕೆ ಕರೆದೊಯ್ಯುವ ಜೀಪು ಓಡಿಸುತ್ತಿದ್ದ. 1975ಕ್ಕೆ ಮೊದಲಿನ ಸಿಕ್ಕಿಂ ಪ್ರಜೆಗಳ ಕುಟುಂಬದವರಿಗೆ ಮಾತ್ರ ವ್ಯಾಪಾರದ ಪಾಸ್. ಇವರಿಗೆ ಆ ಅರ್ಹತೆ ಇತ್ತು. ಆದರೆ ಸರ್ಕಾರದ ಪಟ್ಟಿಯಲ್ಲಿದ್ದ ಸರಕನ್ನು ಮಾತ್ರ ದಾಟಿಸಬಹುದಿತ್ತು. ಜೀಪು ಅಡವಿಟ್ಟು ಸರಕು ಕೊಳ್ಳಲು ಅವನು ಸಿದ್ಧನಾದ.

ಅವನ ತಾಯಿ, ಅಂದರೆ ಅಜ್ಜನ ಮಗಳು, ಕೇಳಿದ್ದು ಒಂದೇ ಪ್ರಶ್ನೆ. "ಪಟ್ಟಿಯಲ್ಲಿ ಇರೋದನ್ನ ಆ ಕಡೆ ಯಾರು ಕೊಳ್ತಾರೆ ಅಂತ ಯಾರನ್ನಾದ್ರೂ ಕೇಳಿದ್ಯೇನಪ್ಪಾ?"

"ಅಜ್ಜ ಇದನ್ನೇ ಮಾರ್ತಿದ್ರು ತಾನೆ ಅಮ್ಮ?"

ಇಡೀ ಪ್ರಕರಣದ ತಿರುಳು ಈ ಎರಡು ಮಾತಿನಲ್ಲಿದೆ. ಭಾರತದಿಂದ ಕಳಿಸಬಹುದಾದ ವಸ್ತುಗಳು 29. ತರಬಹುದಾದವು 15. ತರುವ ಪಟ್ಟಿಯಲ್ಲಿ ಏನಿತ್ತು ನೋಡಿ: ಉಣ್ಣೆ, ಕುರಿ ಚರ್ಮ, ಮೇಕೆ ಚರ್ಮ, ಯಾಕ್ ಬಾಲ, ಯಾಕ್ ಕೂದಲು, ಬೋರಾಕ್ಸ್, ಉಪ್ಪು, ಬೆಣ್ಣೆ, ಕಚ್ಚಾ ರೇಷ್ಮೆ, ಕುದುರೆ, ಮೇಕೆ, ಕುರಿ. ಇದು ಅಜ್ಜನ ಕಾಲದ ಹೇಸರಗತ್ತೆಯ ಬೆನ್ನ ಮೇಲಿನ ಹೊರೆ. 2006ರ ಟಿಬೆಟ್ ಅದಲ್ಲ, 2006ರ ಸಿಲಿಗುರಿಯೂ ಅದಲ್ಲ.

ಏನೇನು ಮಾಡಿ ನೋಡಿದರು

ಮೊದಲ ವರ್ಷ ಮೊಮ್ಮಗ ಬಿಸ್ಕತ್ತು, ಬಟ್ಟೆ, ತಾಮ್ರದ ಪಾತ್ರೆ ಒಯ್ದ. ಆಗ ಒಬ್ಬ ವ್ಯಾಪಾರಿಗೆ ದಿನಕ್ಕೆ 25,000 ರೂಪಾಯಿಯ ಮಿತಿ. ವಾರದಲ್ಲಿ ಸೋಮವಾರದಿಂದ ಗುರುವಾರ ಮಾತ್ರ ವ್ಯಾಪಾರ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ವಾಪಸ್ ಬರಬೇಕು. ಬೀಜಿಂಗ್ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ, ಹಾಗಾಗಿ ನಮ್ಮವರು ಮಧ್ಯಾಹ್ನದ ಹೊತ್ತಿಗೆ ಚುರುಕಾಗುವಾಗ ಆ ಕಡೆಯವರು ಬಾಗಿಲು ಹಾಕುವ ಯೋಚನೆಯಲ್ಲಿರುತ್ತಾರೆ.

ತಾಮ್ರದ ಪಾತ್ರೆ ಹೋಯಿತು. ಬಟ್ಟೆ ಹೋಗಲಿಲ್ಲ. ಕಾರಣ ಅವನಿಗೆ ಆಮೇಲೆ ಅರ್ಥವಾಯಿತು. ನಾಥು ಲಾ ತೆರೆಯುವುದಕ್ಕೆ ಐದೇ ದಿನ ಮೊದಲು, ಜುಲೈ 1ರಂದು, ಲ್ಹಾಸಾಕ್ಕೆ ರೈಲು ಬಂದಿತ್ತು. ಚೀನಾದ ಕಾರ್ಖಾನೆಗಳ ಅಗ್ಗದ ಬಟ್ಟೆ, ಶೂ, ಪ್ಲಾಸ್ಟಿಕ್ ಸಾಮಾನು ಅಲ್ಲಿಗೆ ಇನ್ನೂ ಸುಲಭವಾಗಿ ಹರಿಯತೊಡಗಿತು. ಅಜ್ಜನ ಕಾಲದಲ್ಲಿ ವ್ಯಾಪಾರ ಬೆಳೆದದ್ದು ಚೀನಾದಿಂದ ಲ್ಹಾಸಾಕ್ಕೆ ದಾರಿ ಕಷ್ಟವಿತ್ತು ಅಂತ. ಆ ಕಷ್ಟ ಈಗ ಇರಲಿಲ್ಲ. ಈ ಬದಲಾವಣೆಯನ್ನು ಹಬ್ಬದ ಗದ್ದಲದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. ನನ್ನ ಪ್ರಕಾರ ನಾಥು ಲಾ ಕಥೆಯಲ್ಲಿ ಜುಲೈ 6ಕ್ಕಿಂತ ದೊಡ್ಡ ತಾರೀಖು ಜುಲೈ 1.

ವಾಪಸ್ ಬರುವಾಗ ಗಾಡಿ ಖಾಲಿ. ಕಾಲಿಂಪಾಂಗ್‌ನಲ್ಲಿ ಉಣ್ಣೆ ಕೊಳ್ಳುವವರು ಉಳಿದಿರಲಿಲ್ಲ. ಉಣ್ಣೆಯನ್ನು ವಿಂಗಡಿಸಲು ಗೊತ್ತಿದ್ದ ಕೈಗಳೂ ಇರಲಿಲ್ಲ. ಕುರಿ, ಮೇಕೆ ತರೋಣ ಅಂದರೆ ಆರಂಭದ ವರ್ಷಗಳಲ್ಲಿ ಜೀವಂತ ಪ್ರಾಣಿಗಳನ್ನು ಪರೀಕ್ಷಿಸಿ ಇಟ್ಟುಕೊಳ್ಳುವ ಕ್ವಾರಂಟೀನ್ ವ್ಯವಸ್ಥೆ ಇಲ್ಲ. ಆ ಮೊದಲ ವರ್ಷ ಇಡೀ ನಾಥು ಲಾದಲ್ಲಿ ನಡೆದ ವ್ಯಾಪಾರ ಎರಡೂ ಕಡೆ ಸೇರಿ ಸುಮಾರು 20 ಲಕ್ಷ ರೂಪಾಯಿ. ಒಂದು ಊರಿನ ಸಂತೆಯಲ್ಲಿ ನಡೆಯುವಷ್ಟು.

ಇನ್ನೊಂದು ಕೊರತೆ ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ಮೊಮ್ಮಗನಿಗೆ ಟಿಬೆಟನ್ ಮಾತು ಸರಿಯಾಗಿ ಬರುತ್ತಿರಲಿಲ್ಲ. ತಾಯಿಗೆ ಬರುತ್ತಿತ್ತು. ಆದರೆ ತಾಯಿ ವ್ಯಾಪಾರಕ್ಕೆ ಹೋದವರಲ್ಲ. ಅಜ್ಜನ ಲೆಕ್ಕದ ಪುಸ್ತಕದಲ್ಲಿದ್ದ ಮನೆಯ ಬಗ್ಗೆ ರಿಂಚೆನ್‌ಗಾಂಗ್‌ನಲ್ಲಿ ಅವನು ವಿಚಾರಿಸಿದ. ಆ ಹೆಸರು ಗೊತ್ತಿದ್ದವರು ಸಿಗಲಿಲ್ಲ. ಸಾಲ ಕೊಟ್ಟು ತಗೊಳ್ಳುವ ನಂಬಿಕೆಯೇ ಹಳೆಯ ವ್ಯಾಪಾರದ ಬಂಡವಾಳ. ಅದು ಸಹಿ ಹಾಕಿದ ದಿನ ವಾಪಸ್ ಬರಲಿಲ್ಲ. ಎಲ್ಲವೂ ಕೈಯಲ್ಲಿ ಕಾಸು, ಬಾಯಲ್ಲಿ ದೋಸೆ ಅನ್ನುವ ಹಾಗೆ ನಡೆಯಬೇಕಿತ್ತು.

ಎರಡನೇ ವರ್ಷ ಎರಡು ದಾರಿ ಎದುರಿಗೆ ಬಂದವು. ಎರಡೂ ಅಪಾಯದ್ದೇ.

ಒಂದು, ಪಟ್ಟಿಯಲ್ಲಿಲ್ಲದ ಸರಕು. ಗ್ಯಾಂಗ್ಟಾಕ್‌ನಲ್ಲಿ ಚೀನಾದ ಕಂಬಳಿ, ಶೂ, ಜಾಕೆಟ್‌ಗಳಿಗೆ ಬೇಡಿಕೆ ಇತ್ತು. ಅವೆಲ್ಲ ರಿಂಚೆನ್‌ಗಾಂಗ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ಖಾಲಿ ಬರುವ ಗಾಡಿಯಲ್ಲಿ ನಾಲ್ಕು ಕಂಬಳಿ ಹಾಕಿಕೊಂಡು ಬಂದರೆ ಏನಾಗುತ್ತೆ ಅಂತ ಅನ್ನಿಸುವುದು ಸಹಜ. ಪರಿಚಯದ ಒಬ್ಬರು ಹಾಗೆ ತಂದರು. ಕಸ್ಟಮ್ಸ್‌ನವರು ಹಿಡಿದರು, ಸರಕು ಹೋಯಿತು. ಮೊಮ್ಮಗ ಆ ಕಡೆ ಹೋಗಲಿಲ್ಲ.

ಇನ್ನೊಂದು, ಪಾಸ್ ಬಾಡಿಗೆ. ಬಯಲು ಸೀಮೆಯ ಒಬ್ಬ ಸಗಟು ವ್ಯಾಪಾರಿ, ನಿನ್ನ ಹೆಸರಿನಲ್ಲಿ ನನ್ನ ಸರಕು ಹೋಗಲಿ, ತಿಂಗಳಿಗೆ ಇಷ್ಟು ಕೊಡ್ತೀನಿ ಅಂದ. ಬಂಡವಾಳ ಹಾಕದೆ ಬರುವ ಆದಾಯ. ಸಾಲದ ಕಂತು ಬಾಕಿ ಇತ್ತು. ಅವನು ಹೆಚ್ಚೂಕಡಿಮೆ ಒಪ್ಪಿದ್ದ. ತಡೆದದ್ದು ತಾಯಿ. ಅವರ ವಾದದಲ್ಲಿ ನೀತಿಗಿಂತ ಲೆಕ್ಕ ಜಾಸ್ತಿ ಇತ್ತು. ಸರಕಿನಲ್ಲಿ ಏನಾದರೂ ಸಿಕ್ಕರೆ ಪಾಸ್ ಹೋಗುವುದು ನಮ್ಮದು. ಅದಕ್ಕಿಂತ ಮುಖ್ಯವಾಗಿ, ಆ ಕಡೆ ಯಾರು ಏನು ಕೊಳ್ಳುತ್ತಾರೆ ಅನ್ನೋದು ಅವನಿಗೆ ಗೊತ್ತಾಗುತ್ತದೆ, ನಮಗೆ ಗೊತ್ತಾಗುವುದಿಲ್ಲ. ಹತ್ತು ವರ್ಷ ಆದ ಮೇಲೂ ನಮ್ಮ ಹತ್ತಿರ ಇರುವುದು ಬರೀ ಕಾಗದ. ಈ ತೀರ್ಮಾನವನ್ನು ನಾನು ಇಡೀ ಪ್ರಕರಣದಲ್ಲೇ ಅತ್ಯಂತ ಮುಖ್ಯವಾದದ್ದು ಅಂತ ಎಣಿಸುತ್ತೇನೆ.

ಅದರ ಬದಲಿಗೆ ಅವರು ಮಾಡಿದ್ದು ಇಷ್ಟು. ಪಾಸ್ ಇರುವ ಇನ್ನಿಬ್ಬರ ಜೊತೆ ಸೇರಿ ಒಂದೇ ಲಾರಿ ಹಿಡಿದರು. ಬಟ್ಟೆ ಬಿಟ್ಟರು. ಪಾತ್ರೆ, ಡಾಲ್ಡಾ, ಅಕ್ಕಿ, ಬಿಸ್ಕತ್ತು, ಹೀಗೆ ನಾಲ್ಕೈದು ವಸ್ತುಗಳಿಗೆ ನಿಂತರು. ಯಾರು ಯಾವ ಬ್ರ್ಯಾಂಡ್ ಕೇಳಿದರು, ಯಾವ ತಿಂಗಳು ಕೇಳಿದರು ಅಂತ ಹೊಸ ಪುಸ್ತಕದಲ್ಲಿ ಬರೆದಿಟ್ಟರು. ಮೊಮ್ಮಗ ತಾಯಿಯ ಹತ್ತಿರ ಕೂತು ವ್ಯಾಪಾರಕ್ಕೆ ಬೇಕಾದಷ್ಟು ಟಿಬೆಟನ್ ಕಲಿತ. ಜೀಪು ಮಾರಲಿಲ್ಲ.

ಏನಾಯಿತು

ನಿಧಾನಕ್ಕೆ ನಿಯಮಗಳು ಸಡಿಲವಾದವು. ದಿನದ ಮಿತಿ ಒಂದು ಲಕ್ಷಕ್ಕೆ, ಆಮೇಲೆ ಎರಡು ಲಕ್ಷಕ್ಕೆ ಏರಿತು. 2012ರಲ್ಲಿ ಪಟ್ಟಿಗೆ ಹೊಸ ವಸ್ತುಗಳು ಸೇರಿದವು: ಕಳಿಸಲು ಏಳು, ತರಲು ಐದು. ಸಿದ್ಧ ಉಡುಪು, ಶೂ, ಕಂಬಳಿ, ಕಾರ್ಪೆಟ್ ಆಗ ಬಂದವು. ಜನ ಆರು ವರ್ಷದಿಂದ ಕೇಳುತ್ತಿದ್ದದ್ದು ಅದನ್ನೇ. ವಾಪಸ್ ಬರುವ ಲಾರಿಗೂ ಹೊರೆ ಸಿಕ್ಕಿತು. ಲಕ್ಷಗಳಲ್ಲಿದ್ದ ವ್ಯಾಪಾರ ಹತ್ತಾರು ಕೋಟಿಗೆ ಹೋಯಿತು. ಗೇಟು ಅದೇ, ಹಿಮ ಅದೇ, ರಸ್ತೆ ಅದೇ. ಬದಲಾದದ್ದು ಪಟ್ಟಿ ಮತ್ತು ಮಿತಿ.

ಈ ಕುಟುಂಬ ಆ ಹೊತ್ತಿಗೆ ಸಿದ್ಧವಾಗಿತ್ತು. ಪಾಸ್ ಬಾಡಿಗೆಗೆ ಕೊಟ್ಟಿದ್ದವರಿಗೆ ಹೊಸ ಪಟ್ಟಿ ಬಂದಾಗ ಯಾರ ಹತ್ತಿರ ಹೋಗಬೇಕು ಅಂತಲೇ ತಿಳಿಯಲಿಲ್ಲ. ಇವರ ಹತ್ತಿರ ಹೆಸರುಗಳಿದ್ದವು. ನಾಲ್ಕೈದು ವರ್ಷ ಒಳ್ಳೆಯ ಆದಾಯ ಬಂತು, ಸಾಲ ತೀರಿತು.

ಆದರೆ ದಾರಿಯ ಮೇಲೆ ಇವರ ಹಿಡಿತ ಎಷ್ಟು? 2011ರ ಸೆಪ್ಟೆಂಬರ್ 18ರ ಭೂಕಂಪ ರಸ್ತೆಗಳನ್ನು ಕೆಡವಿತ್ತು. 2015ರಲ್ಲಿ ಕೈಲಾಸ ಯಾತ್ರಿಕರು ಈ ದಾರಿಯಲ್ಲಿ ಹೋಗತೊಡಗಿದರು. 2017ರಲ್ಲಿ ಹತ್ತಿರದ ಡೋಕ್ಲಾಂನಲ್ಲಿ ಸೇನೆಗಳು ಎದುರುಬದುರು ನಿಂತಾಗ ಆ ವರ್ಷದ ಯಾತ್ರೆ ಇಲ್ಲಿ ನಿಂತುಹೋಯಿತು. 2020ರಲ್ಲಿ ಕೋವಿಡ್ ಬಂದು ವ್ಯಾಪಾರವೂ ನಿಂತಿತು. ಅದೇ ವರ್ಷ ಲಡಾಖ್‌ನ ಗಾಲ್ವಾನ್‌ನಲ್ಲಿ ಎರಡೂ ಸೇನೆಗಳ ಕಾದಾಟವಾಯಿತು. ಮತ್ತೆ ವರ್ಷಗಟ್ಟಲೆ ಗೇಟು ಮುಚ್ಚಿತು.

ಈ ಸಲ ಮುಚ್ಚಿದಾಗ ಆ ಕಡೆ ಇವರ ಬಾಕಿ ಇರಲಿಲ್ಲ. ಅಜ್ಜನ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಚಳಿಗಾಲಕ್ಕೆ ಗೇಟು ಮುಚ್ಚುವ ನವೆಂಬರ್‌ಗೆ ಮೊದಲೇ ಪ್ರತಿ ವರ್ಷ ಲೆಕ್ಕ ಚುಕ್ತಾ ಮಾಡುವುದನ್ನು ಅವರು ರೂಢಿ ಮಾಡಿಕೊಂಡಿದ್ದರು. ಜೀಪು ಇತ್ತು, ಪ್ರವಾಸಿಗರು ಬರುತ್ತಿದ್ದರು, ಮನೆ ನಡೆಯಿತು.

ಬೇರೆಯವರು ಇದರಿಂದ ಏನು ತಗೊಳ್ಳಬಹುದು

ಗಡಿ ವ್ಯಾಪಾರಕ್ಕೆ ಕೈ ಹಾಕುವ ಸಣ್ಣ ವ್ಯಾಪಾರಿಗಳಿಗೆ ಮೊದಲ ಮಾತು: ದಾರಿ ತೆರೆದಿದೆಯಾ ಅಂತ ಕೇಳುವುದರ ಜೊತೆಗೆ ಮೂರು ವಿಷಯ ನೋಡಿ. ವಾಪಸ್ ಬರುವ ಗಾಡಿಯಲ್ಲಿ ಏನು ತರಬಹುದು? ದಿನಕ್ಕೆ ಎಷ್ಟರ ಮಿತಿ? ಆ ಕಡೆಗೆ ಅದೇ ಸರಕು ಬೇರೆ ಯಾವ ದಾರಿಯಿಂದ ಬರುತ್ತಿದೆ? ಈ ಕುಟುಂಬ ಮೊದಲ ವರ್ಷ ಎಡವಿದ್ದು ಮೂರನೆಯ ಪ್ರಶ್ನೆಯಲ್ಲಿ.

ಒಪ್ಪಂದಕ್ಕೆ ಕೊನೆಯ ತಾರೀಖು ಇದ್ದರೆ ಅದನ್ನು ಗೋಡೆಯ ಮೇಲೆ ಬರೆದಿಡಿ. 1962ರಲ್ಲಿ ಯುದ್ಧ ಬರುತ್ತದೆ ಅಂತ ಅಜ್ಜನಿಗೆ ತಿಳಿಯಲು ಸಾಧ್ಯವಿರಲಿಲ್ಲ. ಜೂನ್‌ಗೆ ಒಪ್ಪಂದ ಮುಗಿಯುತ್ತದೆ ಅಂತ ತಿಳಿಯಬಹುದಿತ್ತು.

ನಿಯಮ ಬರೆಯುವವರಿಗೆ ಹೇಳಬೇಕಾದದ್ದು ಇನ್ನೂ ಇದೆ. ನಲವತ್ನಾಲ್ಕು ವರ್ಷ ಮುಚ್ಚಿದ ದಾರಿಯನ್ನು ತೆರೆಯುವಾಗ ಹಳೆಯ ಪಟ್ಟಿಯನ್ನೇ ಹೊರಗೆ ತೆಗೆದರು. ಹಳೆಯ ವ್ಯಾಪಾರವನ್ನು ಗೌರವಿಸುವ ಉದ್ದೇಶ ಅದರಲ್ಲಿ ಇದ್ದಿರಬಹುದು. ಆದರೆ ಆ ವ್ಯಾಪಾರವನ್ನು ನಡೆಸುತ್ತಿದ್ದ ಗೋದಾಮು, ಸಾಲ, ಮಾತು, ಉಣ್ಣೆಯ ಕಸುಬು ಯಾವುದೂ ಉಳಿದಿರಲಿಲ್ಲ. ಶೆರಾಥಾಂಗ್‌ನಲ್ಲಿ ಒಂದು ವಾರ ಕೂತು ಪಾಸ್ ಇರುವವರನ್ನು ಕೇಳಿದ್ದರೆ 2012ರ ಪಟ್ಟಿ 2007ರಲ್ಲೇ ತಯಾರಾಗುತ್ತಿತ್ತು ಅಂತ ನಾನು ನಂಬುತ್ತೇನೆ. ಆ ಐದು ವರ್ಷದಲ್ಲಿ ಎಷ್ಟೋ ಜನ ಕೈ ಸುಟ್ಟುಕೊಂಡು ಹಿಂದೆ ಸರಿದರು.

2025ರಲ್ಲಿ ಕೈಲಾಸ ಯಾತ್ರೆ ನಾಥು ಲಾ ಮೂಲಕ ಮತ್ತೆ ಶುರುವಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಲಿಪುಲೇಖ್, ಹಿಮಾಚಲದ ಶಿಪ್ಕಿ ಲಾ, ನಾಥು ಲಾ ಮೂರೂ ಕಡೆ ವ್ಯಾಪಾರ ಮತ್ತೆ ತೆರೆಯಲು ಎರಡೂ ದೇಶಗಳು ಒಪ್ಪಿದವು. ಸುದ್ದಿ ಬಂದ ದಿನವೇ ಪಾಲುದಾರರಿಬ್ಬರೂ ಮೊಮ್ಮಗನಿಗೆ ಫೋನ್ ಮಾಡಿದರು. ಅವನು ಪಾಸ್‌ಗೆ ಅರ್ಜಿ ಹಾಕುತ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಸಲದ ಸರಕಿನ ಪಟ್ಟಿ ಮತ್ತು ದಿನದ ಮಿತಿ ಬರಹದಲ್ಲಿ ಕೈಗೆ ಬಂದ ಮೇಲೆ, ರಿಂಚೆನ್‌ಗಾಂಗ್‌ನ ಹಳೆಯ ಗಿರಾಕಿಗಳಲ್ಲಿ ಯಾರು ಇನ್ನೂ ಅಂಗಡಿ ಇಟ್ಟಿದ್ದಾರೆ ಅಂತ ತಿಳಿದ ಮೇಲೆ ಮಾತ್ರ ಲಾರಿ ಬಾಡಿಗೆ ಮಾತಾಡುವುದು ಅಂತ ತಾಯಿ, ಮಗ ಇಬ್ಬರೂ ಒಪ್ಪಿದ್ದಾರೆ.